ಅಕ್ಕಿಯಲ್ಲಿ ಬರೆದ ಹೆಸರು

ಅವ್ವಾ,

ಇವತ್ತು ಸಾನ್ವಿಯನ್ನು ಕರೆದುಕೊಂಡು, ನಾವಿರುವ ಕ್ಲಿಯರ್ ಲೇಕಿನಿಂದ ಹ್ಯೂಸ್ಟನ್ನಿನ ವಕೀಲರ ಹತ್ತಿರ ಹೋಗಿದ್ದೆ. ಇನ್ನೆರಡು ವರ್ಷಕ್ಕೆ ನಿನ್ನ ಮೊಮ್ಮಗಳಿಗೆ ಇಪ್ಪತ್ತೊಂದು ತುಂಬುತ್ತದೆ. ಆಮೇಲೆ ನಮ್ಮ ವೀಸಾದ ಮೇಲೆ ಅವಳು ಅಮೆರಿಕದಲ್ಲಿ ಇರುವಂತಿಲ್ಲ. ನೀನು ಪೋರ್ಚುಗೀಸರ ಕಾಲದ ಗೋವಾದಲ್ಲಿ ಹುಟ್ಟಿದವಳಾದ್ದರಿಂದ ನನಗೂ ಅವಳಿಗೂ ಪೋರ್ಚುಗಲ್ ಪಾಸ್‌ಪೋರ್ಟ್ ಸಿಗಬಹುದಂತೆ; ಅದಿದ್ದರೆ ಅವಳು ಯುರೋಪಿನಲ್ಲಿ ಓದಿ, ಅಲ್ಲೇ ನೆಲೆಸಬಹುದು.

ಆದರೆ ಮಡಗಾಂವಿನ ಜನನ ದಾಖಲೆಯಲ್ಲಿ ನೀನು ಶೇವಂತಿ. ಉಳಿದೆಲ್ಲ ಕಾಗದಗಳಲ್ಲಿ, ಮರಣಪತ್ರದಲ್ಲೂ, ಕಮಲಾಬಾಯಿ. ಅದು ಧಾರವಾಡದಲ್ಲಿ ಮದುವೆಯ ದಿನ ಅಪ್ಪ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದು ನಿನಗಿಟ್ಟ ಹೊಸ ಹೆಸರು ಎಂದು ನಾನು ವಿವರಿಸಿದೆ.

ವಕೀಲರು ಬೆಂಗಳೂರಿನವರೇ. "ಗೊತ್ತು ಮೇಡಂ, ಆದ್ರೆ ಇಬ್ರೂ ಒಬ್ರೇ ಅನ್ನೋಕೆ ಅಕ್ಕಿ ತೋರ್ಸೋಕಾಗಲ್ವಲ್ಲ. ಮದುವೆ ಆದ್ಮೇಲೆ ಅವ್ರು ಎಲ್ಲಾದ್ರೂ ಆ ಹಳೇ ಹೆಸರು ಬರೆಸಿದ್ದುಂಟಾ?" ಎಂದರು.

ಸಾನ್ವಿಯೂ ನನ್ನ ಮುಖ ನೋಡಿದಳು. "ಅಮ್ಮಾ, ಡಿಡ್ ಅಜ್ಜಿ ಎವರ್ ಯೂಸ್ ಇಟ್?"

ಇಲ್ಲ ಎಂದುಬಿಟ್ಟೆ.

ಹುಬ್ಬಳ್ಳಿಯ ಆಸ್ಪತ್ರೆಗೆ ನಿನ್ನನ್ನು ಕೊನೆಯ ಸಲ ಸೇರಿಸುವಾಗ ನರ್ಸ್ ಹೆಸರು ಕೇಳಿದಳು. ನೀನು "ಶೇವಂತಿ" ಎಂದೆ. ಅವಳು ಬರೆದುಕೊಂಡೂ ಆಗಿತ್ತು. ನಾನೇ ನಡುವೆ ಬಾಯಿ ಹಾಕಿದೆ: "ಜ್ವರದಾಗ ಏನೇನೋ ಅಂತಾಳ್ರಿ. ಅದನ್ನ ಕಾಟ್ ಹೊಡೀರಿ. ಕಮಲಾಬಾಯಿ ಅಂತ ಬರೀರಿ."

ಅವಳು ಹೊಡೆದು ಹಾಕಿದಳು. ಆಗ ನಿನಗೆ ಜ್ವರ ಇರಲಿಲ್ಲ, ಅವ್ವಾ. ನೀನು ಗೋಡೆಯ ಕಡೆ ತಿರುಗಿ ಮಲಗಿದೆ.