ನೋಡಿಲ್ಲ ಎಂದು ಬರೆದುಕೊಟ್ಟ ಮೇಲೆ

ಲಿಕ್ ಬ್ರಾಂಚ್, ಕೆಂಟಕಿ
ಜುಲೈ 23, ಮಂಗಳವಾರ

ಮುದ್ದಿನ ಕೆಂಡ್ರಾ,

ನಿನ್ನ ಎರಡು ಕಾಗದಗಳಿಗೆ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮೊಣಕಾಲು ನೋವಿನ ನೆಪ ಹೇಳಬಹುದಿತ್ತು. ನಿಜವೆಂದರೆ, ಹೇಗೆ ಬರೆಯಬೇಕೆಂದು ತಿಳಿಯದೆ ತಡವಾಯಿತು. ರಜೆಯಲ್ಲೂ ಹಾಸ್ಟೆಲಿನಲ್ಲೇ ಉಳಿದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೀ ಎಂದು ಓದಿ ಸಂತೋಷವಾಯಿತು. ಹೊಟ್ಟೆ ತುಂಬ ಉಣ್ಣು.

ಕಾಲೇಜಿನ ಧನಸಹಾಯ ಕಚೇರಿಯವರು ಈ ವರ್ಷವೂ ನನ್ನಿಂದ ಪತ್ರ ಕೇಳಿದ್ದಾರೆ. ಹೋದ ಸಲದ ಗೋಳು ನೆನಪಿದೆಯಲ್ಲ? ನಿನ್ನ ಮಲತಂದೆ ಡ್ವೈಟ್ ನಿನ್ನನ್ನು ಹೊರಗೆ ಹಾಕಿ, ನೀನು ನನ್ನ ಮನೆ ಸೇರಿ ಎರಡು ವರ್ಷವಾಗಿದ್ದರೂ ಅರ್ಜಿಗೆ ಅವನ ಆದಾಯದ ಕಾಗದ ಬೇಕೇ ಬೇಕು ಎಂದರು. ಅವನು ಕೊಡಲಿಲ್ಲ.

'ಕೊಡಲ್ಲ ಅಂದ್ರೆ ಸಾಲದು ಮೇಡಂ,' ಎಂದಳು ಫೋನಿನಲ್ಲಿದ್ದ ಹೆಂಗಸು. 'ತಾಯಿಗೂ ಹುಡುಗಿಗೂ ಸಂಪರ್ಕವೇ ಇಲ್ಲ ಅಂತಿರ್ಬೇಕು. ಹತ್ತಿರದವರು ಪ್ರಮಾಣ ಮಾಡಿ ಬರ್ಕೊಡ್ಬೇಕು. ಆಗ ಮಾತ್ರ ಅವಳನ್ನ ಸ್ವತಂತ್ರ ವಿದ್ಯಾರ್ಥಿನಿ ಅಂತ ಪರಿಗಣಿಸ್ತೀವಿ.'

ಹೋದ ಬೇಸಿಗೆಯಲ್ಲಿ ಬರೆದುಕೊಟ್ಟೆ. ಆ ವರ್ಷದ ಜನವರಿಯಿಂದ ತಾಯಿ ಮಗಳನ್ನು ಕಂಡಿಲ್ಲ, ಮಾತಾಡಿಲ್ಲ, ನಾನೂ ಆ ತಾಯಿಯನ್ನು ಕಂಡಿಲ್ಲ ಎಂದು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೂವತ್ತೊಂದು ವರ್ಷ ಕೋರ್ಟು ಕಚೇರಿಯಲ್ಲಿ ಜನರ ಕೈಯಲ್ಲಿ ಪ್ರಮಾಣ ಮಾಡಿಸಿದವಳು ನಾನು. ಈ ವರ್ಷದ ಪ್ರಶ್ನೆ ಇಷ್ಟೇ: ಅಂದಿನಿಂದ ನೀವು ವಿದ್ಯಾರ್ಥಿನಿಯ ತಾಯಿಯನ್ನು ನೋಡಿದ್ದೀರಾ, ಆಕೆಯೊಂದಿಗೆ ಮಾತಾಡಿದ್ದೀರಾ?

ಊರಿನ ಸುದ್ದಿ ಹೆಚ್ಚೇನಿಲ್ಲ. ನೀನು ಕಾಲೇಜಿಗೆ ಹೋದ ವಾರದಿಂದ ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ನನ್ನ ಜಗಲಿಯ ಮೇಲೆ ಹೆಜ್ಜೆ ಸಪ್ಪಳವಾಗುತ್ತದೆ. ಮೂರನೇ ಹಲಗೆ ಕಿರುಗುಟ್ಟುತ್ತದೆ. ನಾಯಿ ಬೊಗಳುವುದಿಲ್ಲ, ಬಾಲ ಆಡಿಸುತ್ತದೆ. ನಾನು ಬಾಗಿಲಿಗೆ ಬೆನ್ನು ಮಾಡಿ ಕೂತು ನೂರರವರೆಗೆ ಎಣಿಸುತ್ತೇನೆ. ಆಮೇಲೆ ತೆಗೆದರೆ ಚೌಕುಳಿ ಬಟ್ಟೆಯಲ್ಲಿ ಸುತ್ತಿದ ಮೆಕ್ಕೆಜೋಳದ ಬ್ರೆಡ್ಡು ಇರುತ್ತದೆ, ಇನ್ನೂ ಬಿಸಿ. ಜಗಲಿಯಲ್ಲಿ ಯಾರೂ ಇರುವುದಿಲ್ಲ.

ಹೊಳೆಯಾಚೆಯ ಡ್ವೈಟ್‌ನ ಮನೆಯತ್ತ ನಾನು ತಿರುಗುವುದಿಲ್ಲ. ಅಡುಗೆಮನೆಯ ಕಿಟಕಿಯಿಂದ ಅವರ ಬಟ್ಟೆ ಒಣಗುವ ಹಗ್ಗವಷ್ಟೇ ಕಾಣುತ್ತದೆ. ಬಟ್ಟೆ ನೋಡಿದರೆ ಮನುಷ್ಯರನ್ನು ನೋಡಿದಂತಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೇನೆ. ಕಾಲುಚೀಲಗಳು ಜೋಡಿ ಜೋಡಿಯಾಗಿ, ಒಂದೊಂದಕ್ಕೆ ಎರಡೆರಡು ಕ್ಲಿಪ್ಪು. ನೀಲಿ ಅಂಗಿ ಯಾವಾಗಲೂ ಕೊನೆಗೆ.

ಮೊನ್ನೆ ಶನಿವಾರ ಅಂಗಡಿಯಲ್ಲಿ ಡ್ವೈಟ್ ಸಿಕ್ಕ. ನಾಲ್ಕು ಜನರೆದುರು, 'ಏನ್ ಆರ್ಡಿತ್, ಕತ್ತು ಹಿಡ್ಕೊಂಡಿದ್ಯಾ? ಒಂದೂವರೆ ವರ್ಷದಿಂದ ನಮ್ಮನೆ ಕಡೆ ತಿರುಗೇ ಇಲ್ವಲ್ಲ!' ಎಂದ.

'ನನ್ನ ಕತ್ತು, ನನ್ನಿಷ್ಟ.'

'ತಂಗಿ ಹೇಗಿದ್ದಾಳೆ ಅಂತಾನಾದ್ರೂ ಕೇಳೇ ಮಾರಾಯ್ತಿ.'

ನಾನು ಕೇಳಲಿಲ್ಲ. ಅವನು ನಕ್ಕು ಹೋದ. ಅವನ ಬುಟ್ಟಿಯಲ್ಲಿ ಒಬ್ಬರಿಗೆ ಸಾಲುವಷ್ಟೇ ಸಾಮಾನಿತ್ತು.

ಇಂದು ಬೆಳಿಗ್ಗೆ ನೋಟರಿಯ ಮುಂದೆ ಈ ವರ್ಷದ ಪತ್ರಕ್ಕೆ ಸಹಿ ಹಾಕಿದೆ. ನಿನ್ನ ಓದು ನಿಲ್ಲುವುದಿಲ್ಲ. ದೇವರು ನಿನ್ನನ್ನು ಕಣ್ಣೆದುರಿಗಿಟ್ಟುಕೊಂಡು ಕಾಯಲಿ, ಮಗಳೇ.

ನಿನ್ನ ದೊಡ್ಡಮ್ಮ,
ಆರ್ಡಿತ್

ಮರೆತ ಮಾತು: ಮರೆತದ್ದಲ್ಲ, ಸಹಿಯಾಗುವವರೆಗೆ ಹೇಳುವಂತಿರಲಿಲ್ಲ. 'ಅಮ್ಮ ಒಂದು ಸಲವಾದರೂ ನನ್ನ ಬಗ್ಗೆ ಕೇಳಿದಳೇ?' ಎಂದು ಎರಡೂ ಕಾಗದದಲ್ಲಿ ಬರೆದಿದ್ದೀ.

ಆ ಜನವರಿಯಲ್ಲಿ, ನೀನು ಶಾಲೆಗೆ ಹೋಗಿದ್ದಾಗ, ನಿನ್ನಮ್ಮ ಲೊರೀನ್ ನನ್ನ ಅಡುಗೆಮನೆಗೆ ಬಂದಿದ್ದಳು. 'ಅಕ್ಕಾ, ನಾನು ಬಿಟ್ಟು ಹೋದೆ ಅಂತ ಬರ್ಕೊಟ್ಬಿಡು,' ಎಂದಳು. ಸುಳ್ಳಿಗೆ ಸಹಿ ಹಾಕುವುದಿಲ್ಲ ಎಂದೆ. 'ಹಾಗಾದ್ರೆ ನಿಜಾನೇ ಮಾಡೋಣ, ನಾನು ನಿಮ್ಮಿಬ್ಬರಿಗೂ ಮುಖ ತೋರಿಸಲ್ಲ. ಎಷ್ಟು ತಿಂಗಳು ಬೇಕು? ಕೆಂಡ್ರಾಗೆ ಹೇಳ್ಬೇಡ. ಅವಳೂ ಬರೀಬೇಕಲ್ಲ, ಅವಳಿಗೂ ನಿನ್ನ ಹಾಗೇ ಸುಳ್ಳು ಬರಲ್ಲ,' ಎಂದಳು. ಆಮೇಲೆ ಅವಳ ಮುಖವನ್ನು ನಾನು ನೋಡಿಲ್ಲ.

ಜುಲೈ ಹನ್ನೆರಡರ ಶುಕ್ರವಾರ ಹೆಜ್ಜೆಗಳು ಹಿಂತಿರುಗಲಿಲ್ಲ. ಬಾಗಿಲು ಬಡಿದ ಸದ್ದಾಯಿತು. 'ಅಕ್ಕಾ, ಒಂದ್ನಿಮಿಷ ತೆಗಿ. ಇವತ್ತೊಂದಿನ,' ಎಂದಳು. ಪತ್ರಕ್ಕೆ ಇನ್ನೂ ಸಹಿಯಾಗಿರಲಿಲ್ಲ. ನಾನು ಉತ್ತರ ಕೊಡದೆ ಎಣಿಸುತ್ತ ಕೂತೆ. ನೂರಾದ ಮೇಲೂ ಎಣಿಸಿದೆ. ಹೊರಗೆ ಬ್ರೆಡ್ಡು ಇರಲಿಲ್ಲ.

ಮುಂದಿನ ಶುಕ್ರವಾರ ಹಲಗೆ ಕಿರುಗುಟ್ಟಲೇ ಇಲ್ಲ. ಆಚೆಯ ಹಗ್ಗದ ಮೇಲೆ ಹನ್ನೊಂದು ದಿನದಿಂದ ಅದೇ ಬಟ್ಟೆಗಳಿವೆ. ಎರಡು ಸಲ ಮಳೆಯಲ್ಲಿ ನೆನೆದು ಒಣಗಿವೆ. ಯಾರೂ ತೆಗೆದಿಲ್ಲ.

ಇದನ್ನು ಅಂಚೆಗೆ ಹಾಕಿ, ಅಲ್ಲಿಂದಲೇ ಹೊಳೆಯ ಕಾಲುಸೇತುವೆ ದಾಟಿ ಅವರ ಮನೆಗೆ ಹೋಗುತ್ತೇನೆ. ಹೋಗಿ ನೋಡುತ್ತೇನೆ.