ಥರ್ಜಾ ಹೇಳಿಕೊಟ್ಟ ನಾಲ್ಕನೆಯ ಚರಣ

ವಿಟ್ಬಿ, ಸೋಮವಾರ ಬೆಳಿಗ್ಗೆ

ಅಮ್ಮಾ,

ಈ ಕಾರ್ಡಿನ ಚಿತ್ರದಲ್ಲಿ ಬಂದರಿನ ಪಕ್ಕ ಕಾಣುವ ಪಬ್ಬಿನ ಮಹಡಿಯಲ್ಲಿ ನಿನ್ನೆ ಮಧ್ಯಾಹ್ನ ಹಾಡಿದೆ. ಕೊನೆಗೆ ಹಾಡಿದ್ದು ನಿನ್ನ ಮೇಲೆ ನಾನು ಕಟ್ಟಿದ ಹಾಡನ್ನೇ. ಅಪ್ಪನ ದೋಣಿ ತಡವಾದ ದಿನ, ಮೀನು ಸೀಳುವುದನ್ನು ಬಿಟ್ಟು ನೀನು ದಡದಲ್ಲಿ ಅಳುತ್ತ ನಿಲ್ಲುತ್ತೀಯಲ್ಲ, ಅದು. "ನಾನೆಲ್ಲೇ ಅತ್ತಿದ್ದೆ?" ಎಂದು ಆರು ವರ್ಷದಿಂದ ನೀನು ಸಿಡುಕುತ್ತಿರುವ ಹಾಡು.

ಮುಗಿಸಿ ಕೂರುವಷ್ಟರಲ್ಲಿ ಮುಂದಿನ ಬೆಂಚಿನಲ್ಲಿದ್ದ ಥರ್ಜಾ ಎಂಬ ಮುದುಕಿ ರೇಗಿದಳು. "ಏನೇ ಹುಡುಗಿ, ಕೊನೇ ಚರಣ ನುಂಗಿಬಿಟ್ಟೆಯಲ್ಲ."

"ಮೂರೇ ಇರೋದು, ಅಜ್ಜಿ."

"ನಂಗೇ ಹೇಳ್ತೀಯಾ? ಕಲಿಯೋದಾದ್ರೆ ಪೂರ್ತಿ ಕಲೀಬೇಕು."

ಗ್ಲಾಸು ಕೆಳಗಿಟ್ಟು ತಾನೇ ಹಾಡಿದಳು. ನಾನು ಬರೆಯದ ಚರಣ ಅದು. ಅದರಲ್ಲಿ ಹಾಡಿನ ಹೆಂಗಸು ಸಮುದ್ರಕ್ಕೆ ಬೆನ್ನು ಮಾಡಿ, ಚೂರಿಯನ್ನು ಏಪ್ರನ್ನಿಗೆ ಒರೆಸಿ, ಸುಮ್ಮನೆ ನಿಂತ ಗೆಳತಿಯರನ್ನು ಬೈಯುತ್ತ ಮತ್ತೆ ಮೀನು ಸೀಳಲು ಹೋಗುತ್ತಾಳೆ. ಇಡೀ ಕೋಣೆ ದನಿಗೂಡಿಸಿತು, ಎಲ್ಲರಿಗೂ ಬಾಯಿಪಾಠ. ಯಾರು ಬರೆದದ್ದು ಎಂದು ಕೇಳಿದೆ.

"ಇದನ್ನೆಲ್ಲ ಯಾರೇ ಬರೀತಾರೆ? ನಮ್ಮಜ್ಜಿ ಕಾಲದಿಂದ ಇದೆ."

ನಮ್ಮ ಅಡುಗೆಮನೆಯ ಮೇಜಿನ ಮೇಲೆ ಮೊದಲ ಮೂರು ಚರಣ ನಾನೇ ಬರೆದದ್ದು ಎನ್ನಲು ಬಾಯಿ ಬರಲಿಲ್ಲ. ನನ್ನ ಹಾಡು ನನಗಿಂತ ಮೊದಲೇ ಇಲ್ಲಿಗೆ ತಲುಪಿ, ಇವರದೇ ಹಳೆಯ ಹಾಡಾಗಿಬಿಟ್ಟಿದೆ. ಗಿಟಾರ್ ಹೊತ್ತು ಊರೂರು ಅಲೆದದ್ದಕ್ಕೆ ಇದಕ್ಕಿಂತ ಇನ್ನೇನು ಬೇಕು?

ಕೆಮ್ಮು ನಿಂತಿದೆ, ನೀನು ಕೊಟ್ಟ ಜೇನು ಮುಗಿದಿದೆ. ಮುಂದಿನ ಊರು ಹಲ್‌ಗೆ ಹೋಗುವ ಬಸ್ಸು ಬಂತು. ಇವತ್ತು ಸಂಜೆ ಅಲ್ಲಿ ನಾಲ್ಕೂ ಚರಣ ಹಾಡುತ್ತೇನೆ. ಕೊನೆಯಲ್ಲಿ ನೀನು ಅಳುತ್ತಿರುವುದಿಲ್ಲ, ಬೈಯುತ್ತಿರುತ್ತೀಯ.

ನಿನ್ನ ಹೆಟ್ಟಿ