ಬಿಚ್ಚಿದ ಹೊಲಿಗೆ

ದೊಡ್ಡ ಮನುಷ್ಯನಾದ ನನ್ನ ಮೊಮ್ಮಗನಿಗೆ,

"ಅವಳು ಸೋಮಾರಿ, ತವರಿಗೆ ಕಳಿಸಿಬಿಡು" ಎಂದು ಬರೆದಿದ್ದೀಯಲ್ಲ, ನಾಲಿಗೆಗೆ ಎಲುಬಿಲ್ಲ ಅಂತ ಕೇಳಿದ್ದೆ, ನಿನ್ನ ಕೈಗೂ ಇಲ್ಲವೇನೋ? ಊರವರ ಬಟ್ಟೆ ಹೊಲಿದು ಮನೆ ನಡೆಸುವವಳು ನಿನ್ನ ಹೆಂಡತಿ. ಈಗ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಜ್ವರವಿಲ್ಲ, ಜಗಳವಿಲ್ಲ. ಇದು ಮನಸ್ಸಿನ ಕಾಯಿಲೆ, ಬಂದು ಹೋಗುತ್ತಿರುತ್ತದೆ ಎಂದು ಡಾಕ್ಟರಮ್ಮ ಮಾತ್ರೆ ಕೊಟ್ಟಿದ್ದಾರೆ. ನುಂಗುತ್ತಾಳೆ. ನನಗಂತೂ ತಲೆಬುಡ ತಿಳಿಯದು.

ಬೈದೆ, ರಮಿಸಿದೆ, ಯಾವುದೂ ನಾಟಲಿಲ್ಲ. ಕೊನೆಗೆ ನನ್ನ ದಿಂಬಿನ ಗವಸಿನ ಹೊಲಿಗೆಯನ್ನು ನಾನೇ ಗುಟ್ಟಾಗಿ ಬಿಚ್ಚಿ, "ಹರಿದುಹೋಯ್ತು ಕಣೇ" ಎಂದು ಮಿಷನ್ನಿನ ಮೇಲಿಟ್ಟೆ. ಮಧ್ಯಾಹ್ನ ಎದ್ದು ಅದೊಂದನ್ನೇ ಹೊಲಿದು, ಅರ್ಧ ಲೋಟ ಹಾಲು ಕುಡಿದು ಮಲಗಿದಳು. ಅಂದಿನಿಂದ ದಿನಕ್ಕೊಂದು ಬಿಚ್ಚುತ್ತಿದ್ದೇನೆ. ಇದು ಮದ್ದೋ ಮೋಸವೋ, ಯಾರನ್ನು ಕೇಳಲಿ?

ನಿನ್ನೆ ಮುಖ ತಿರುಗಿಸದೆಯೇ, "ಅಜ್ಜೀ, ನಾಳೆ ಸ್ವಲ್ಪ ಕಮ್ಮಿ ಬಿಚ್ಚಿ. ಇವತ್ತಿಂದು ಉದ್ದ ಆಯ್ತು" ಅಂದಳು. ಇವತ್ತು ನಾಲ್ಕು ಬೆರಳಿನಷ್ಟೇ ಬಿಚ್ಚಿಟ್ಟಿದ್ದೇನೆ.

ತವರಿನ ಮಾತು ಇನ್ನೊಮ್ಮೆ ಎತ್ತಿದರೆ ಜೋಕೆ. ಮನೆಯಲ್ಲಿ ಬಿಚ್ಚಲು ಬಟ್ಟೆ ಮುಗಿಯುತ್ತಾ ಬಂದಿದೆ. ನಿನ್ನ ಹಳೇ ಅಂಗಿಗಳನ್ನು ಕಳಿಸು, ಇಲ್ಲವೇ ನೀನೇ ತೊಟ್ಟುಕೊಂಡು ಬಾ. ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ.

ನಿನ್ನ ಅಜ್ಜಿ